ತಲೆ ಇದೆ, ಕಾವು ಕೊಡಿ

ಕುಮಟಾದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವನಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಡ್ರಿಲ್ ಮಷೀನ್ ಕೆಟ್ಟರೆ ಜನ ಹೊಸದು ಕೇಳುತ್ತಾರೆ. ನಲ್ಲಿ ಸೋರಿದರೆ ಹೊಸ ನಲ್ಲಿ. ಬೀಗದ ಕೈ ಕಳೆದರೆ ಬೀಗವನ್ನೇ ಬದಲಾಯಿಸುತ್ತಾರೆ. ಸುತ್ತಿಗೆಯ ವಿಷಯದಲ್ಲಿ ಮಾತ್ರ ಹಾಗಿಲ್ಲ. ಕಾವು ಮುರಿದ ಸುತ್ತಿಗೆಯ ತಲೆಯನ್ನು ಪೇಪರಿನಲ್ಲಿ ಸುತ್ತಿ, ಕೈಚೀಲದ ತಳಕ್ಕೆ ಹಾಕಿಕೊಂಡು, ಮಿರ್ಜಾನ್ ಕಡೆಯಿಂದ, ಗೋಕರ್ಣದ ಕಡೆಯಿಂದ ಬಸ್ಸು ಹತ್ತಿ ಬರುತ್ತಾರೆ. ಬಂದವರು ಹೇಳುವುದು ಒಂದೇ ಮಾತು: "ತಲೆ ಇದೆ, ಕಾವು ಕೊಡಿ."

ಮೊದಮೊದಲು ನಾನು ಕೇಳುತ್ತಿದ್ದೆ. "ಅದೆಂತಕ್ಕೆ ಇಷ್ಟು ದೂರ ಬಂದ್ರಿ ಮಾರಾಯ್ರೇ, ಕಾವು ಸಮೇತ ಹೊಸದೇ ಸಿಗ್ತದಲ್ಲ." ಬಸ್ ಚಾರ್ಜು, ಅರ್ಧ ದಿನದ ಸಂಬಳ, ಕಾವಿನ ದುಡ್ಡು ಎಲ್ಲ ಕೂಡಿಸಿದರೆ ಹೊಸ ಸುತ್ತಿಗೆಯೇ ಅಗ್ಗ. ಅವರಿಗೇನು ಈ ಲೆಕ್ಕ ಗೊತ್ತಿಲ್ಲದೆ ಇಲ್ಲ. ನನ್ನ ಮರ್ಯಾದೆಗೆ ಅಂತ ಹೊಸದನ್ನು ಒಂದು ಸಲ ಎತ್ತುತ್ತಾರೆ, ಗಾಳಿಯಲ್ಲಿ ಎರಡು ಸಲ ಆಡಿಸುತ್ತಾರೆ, ಕೆಳಗಿಡುತ್ತಾರೆ. "ಕೈಗೆ ಕೂರೂದಿಲ್ಲ." ಮುಗಿಯಿತು. ಈಗ ನಾನು ಕೇಳುವುದನ್ನೇ ಬಿಟ್ಟಿದ್ದೇನೆ. ಕಾವಿನ ಕಟ್ಟು ಬಿಚ್ಚಿ ಮುಂದಿಟ್ಟು ನನ್ನ ಕೆಲಸ ನೋಡಿಕೊಳ್ಳುತ್ತೇನೆ.

ಕಾವು ಆರಿಸುವುದನ್ನು ನಿಂತು ನೋಡಬೇಕು. ಮದುವೆಗೆ ಹುಡುಗಿ ನೋಡಲು ಹೋದವರೂ ಅಷ್ಟು ಹೊತ್ತು ನೋಡಲಿಕ್ಕಿಲ್ಲ. ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡುವುದು, ಸೊಟ್ಟ ಇದೆಯೋ ಅಂತ. ಮರದ ಗೆರೆ ಈ ತುದಿಯಿಂದ ಆ ತುದಿಗೆ ಹೋಗಬೇಕು, ನಡುವೆ ಪಕ್ಕಕ್ಕೆ ಹಾಯಬಾರದು. ಹಾಯ್ದರೆ ಅಲ್ಲೇ ಸೀಳುತ್ತದೆ. ಆಮೇಲೆ ತುದಿ ತಿರುಗಿಸಿ ಅಲ್ಲಿನ ಗೆರೆ ನೋಡುವುದು. ಆ ಗೆರೆಗಳು ಪೆಟ್ಟು ಬೀಳುವ ದಿಕ್ಕಿನಲ್ಲೇ ಇರಬೇಕು, ಅಡ್ಡ ಇರಬಾರದು. ಗಂಟು ಇದ್ದರಂತೂ ಮುಟ್ಟುವುದೂ ಇಲ್ಲ. ಕಟ್ಟಿನಲ್ಲಿ ಇರುವ ಕಾವೆಲ್ಲ ಕೌಂಟರ್ ಮೇಲೆ ಹರಡಿ, ಕೊನೆಗೆ ಮೊದಲು ಎತ್ತಿದ್ದನ್ನೇ ತೆಗೆದುಕೊಂಡು ಹೋಗುವವರು ಜಾಸ್ತಿ.

ಮರ ಯಾವುದು ಅಂತಲೂ ಕೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಮರದ ಮಾತು ಬಂದರೆ ದಾಂಡೇಲಿಯ ಸಾಗವಾನಿಯೇ ಮೊದಲು ಬರುವುದು. ಬಾಗಿಲಿಗೆ, ಮಂಚಕ್ಕೆ, ಕಿಟಕಿಗೆ ಅದಕ್ಕೆ ಸಮ ಇಲ್ಲ. ಆದರೆ ಸುತ್ತಿಗೆಯ ಕಾವಿಗೆ ಅದು ಬೇಡ. ಪೆಟ್ಟಿನ ಮೇಲೆ ಪೆಟ್ಟು ಬಿದ್ದರೆ ಪಟ್ಟನೆ ಮುರಿಯುವ ಜಾತಿ ಅದು. ಬೇಕಾದ್ದು ದಡಸಲು. ಹೆಸರು ಕೇಳಿದರೆ ಈಗಿನ ಹುಡುಗರಿಗೆ ಯಾವ ಮರ ಅಂತಲೇ ಗೊತ್ತಾಗುವುದಿಲ್ಲ. ದಡಸಲು ಬಾಗುತ್ತದೆ, ಬಾಗಿ ವಾಪಸ್ ಬರುತ್ತದೆ. ಅದಕ್ಕೇ ಹಿಂದೆ ದೋಣಿಯ ಹುಟ್ಟಿಗೆ, ಹೆಗಲ ಮೇಲೆ ಭಾರ ಹೊರುವ ಅಡ್ಡೆಗೆ, ಗಾಡಿಗೆ, ಎಲ್ಲದಕ್ಕೂ ಅದನ್ನು ಹುಡುಕುತ್ತಿದ್ದರು. ಅಮೆರಿಕದವರು ಸುತ್ತಿಗೆಗೆ ಹಿಕರಿ ಮರ ಹಾಕುವುದೂ ಇದೇ ಕಾರಣಕ್ಕೆ. ಪೆಟ್ಟಿನ ಅದುರು ಕಬ್ಬಿಣದಿಂದ ಮರಕ್ಕೆ ಬಂದು, ಅಲ್ಲೇ ಅರ್ಧ ಸತ್ತು, ಉಳಿದದ್ದು ಮಾತ್ರ ಮೊಣಕೈಗೆ ಹೋಗಬೇಕು. "ಕೊಡಲಿ ಕಾವು ಕುಲಕ್ಕೆ ಸಾವು" ಅಂತ ಗಾದೆ ಇದೆಯಲ್ಲ, ಮರ ಕಡಿಯುವ ಕೊಡಲಿಗೆ ಮರವೇ ಕಾವು ಕೊಟ್ಟಿತು ಅಂತ. ಸುತ್ತಿಗೆಯ ಕಾವಿನ ಮೇಲೆ ಅಂಥ ಆಪಾದನೆ ಇಲ್ಲ. ಪಾಪ, ಅದು ಪೆಟ್ಟು ತಿನ್ನುವುದು ಮಾತ್ರ.

ಕಾವು ಕೂರಿಸುವುದು ಇನ್ನೊಂದು ಚಂದ. ತುದಿಯನ್ನು ಕೆತ್ತಿ ತೆಳ್ಳಗೆ ಮಾಡಿ ತಲೆಯ ತೂತಿಗೆ ಸಿಕ್ಕಿಸುತ್ತಾರೆ. ಆಮೇಲೆ ಹೊಸಬರು ಮಾಡುವುದು ತಲೆಯನ್ನು ನೆಲಕ್ಕೆ ಕುಟ್ಟುವುದು. ಗೊತ್ತಿದ್ದವರು ಹಾಗೆ ಮಾಡುವುದಿಲ್ಲ. ಸುತ್ತಿಗೆಯನ್ನು ತಲೆ ಕೆಳಗೆ ಮಾಡಿ ಗಾಳಿಯಲ್ಲಿ ಹಿಡಿಯುತ್ತಾರೆ, ಕಾವಿನ ಬಾಲಕ್ಕೆ ಮೇಲಿನಿಂದ ಮರದ ಕೊಡತಿಯಲ್ಲಿ ಹೊಡೆಯುತ್ತಾರೆ. ತಲೆ ಕಳಚಿ ಕಾಲ ಮೇಲೆ ಬೀಳಬೇಕಿತ್ತು ಅಲ್ವಾ? ಬೀಳುವುದಿಲ್ಲ. ಪ್ರತಿ ಪೆಟ್ಟಿಗೂ ತಲೆ ಕಾವಿನ ಮೇಲೆ ಸ್ವಲ್ಪ ಸ್ವಲ್ಪ ಹತ್ತುತ್ತಾ ಹೋಗುತ್ತದೆ. ಭಾರದ ಕಬ್ಬಿಣ ಇದ್ದಲ್ಲೇ ಇರಲು ನೋಡುತ್ತದೆ, ಹಗುರದ ಮರ ಪೆಟ್ಟಿಗೆ ಕೆಳಗೆ ಓಡುತ್ತದೆ, ಅಷ್ಟೇ ಸಂಗತಿ. ಎಷ್ಟು ಸಲ ನೋಡಿದರೂ ನನಗೆ ಇದು ಜಾದೂ ಅಂತಲೇ ಅನಿಸುವುದು. ತಲೆಯ ತೂತು ನಡುವೆ ಸಪೂರ, ಎರಡು ಬಾಯಿಯಲ್ಲೂ ಸ್ವಲ್ಪ ಅಗಲ. ಮೇಲೆ ಇಣುಕಿದ ಮರಕ್ಕೆ ಗರಗಸದಿಂದ ಮೊದಲೇ ಸೀಳು ಹಾಕಿರುತ್ತಾರೆ, ಅದಕ್ಕೆ ಮರದ ಬೆಣೆ ಬಡಿದರೆ ಮರ ಅಗಲವಾಗಿ ಮೇಲಿನ ಬಾಯಿ ತುಂಬುತ್ತದೆ. ಇನ್ನು ತಲೆ ಮುಂದಕ್ಕೂ ಬರುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ.

ಎರಡು ಸುತ್ತಿಗೆಯ ಮುಖಕ್ಕೆ ಮುಖ ಹೊಡೆಯಬೇಡಿ ಅಂತ ಇಲ್ಲೇ ಹೇಳಿಬಿಡುತ್ತೇನೆ. ಎರಡೂ ಗಟ್ಟಿ ಮಾಡಿದ ಉಕ್ಕು, ಚಕ್ಕೆ ಹಾರಿದರೆ ನೇರ ಕಣ್ಣಿಗೆ.

ನಮ್ಮ ಕರಾವಳಿಯಲ್ಲಿ ಬೆಣೆ ಹಾಕಿದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಅದೂ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ. ಮರ ಉಬ್ಬುತ್ತದೆ. ಮಾರ್ಚ್ ಬಂತು ಅಂದರೆ ಒಣಗಿ ಕುಗ್ಗುತ್ತದೆ, ತಲೆ ಲಟಲಟ ಅನ್ನುತ್ತದೆ. ಆಗ ಎಲ್ಲರೂ ಮಾಡುವ ಉಪಾಯ ಒಂದೇ, ಸುತ್ತಿಗೆಯನ್ನು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಡುವುದು. ಬೆಳಿಗ್ಗೆಗೆ ಬಿಗಿ. ಅವತ್ತಿನ ಕೆಲಸಕ್ಕೆ ಅಡ್ಡಿಯಿಲ್ಲ. ಆದರೆ ಉಬ್ಬಿದ ಮರಕ್ಕೆ ಕಬ್ಬಿಣದ ಒಳಗೆ ಹೋಗಲು ಜಾಗ ಎಲ್ಲಿದೆ? ತನ್ನನ್ನು ತಾನೇ ಜಜ್ಜಿಕೊಳ್ಳುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಜಾಸ್ತಿ ಸಡಿಲ. ಮತ್ತೆ ಬಕೆಟ್. ಹೀಗೆ ಎರಡು ಬೇಸಿಗೆ ಕಳೆದರೆ ಆ ಕಾವಿನ ಕಥೆ ಮುಗಿಯಿತು, ನನಗೆ ವ್ಯಾಪಾರ ಆಯಿತು. ನೀರಿನ ಬದಲು ಅಗಸೆ ಎಣ್ಣೆ ಕುಡಿಸಿ ಅಂತ ಹೇಳುತ್ತೇನೆ, ಎಣ್ಣೆ ಮರದೊಳಗೆ ನಿಲ್ಲುತ್ತದೆ. ಕೇಳುವವರು ಕಡಿಮೆ. ತಲೆಗೆ ಮಾತ್ರ ಎಲ್ಲರೂ ತಪ್ಪದೆ ಕೊಬ್ಬರಿ ಎಣ್ಣೆ ಸವರುತ್ತಾರೆ, ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದು ಅಂತ.

ಇಷ್ಟೆಲ್ಲ ಉಪಚಾರ ಯಾವುದಕ್ಕೆ? ಅರ್ಧ ಕಿಲೋ ಕಬ್ಬಿಣಕ್ಕೆ. ಅದರಲ್ಲೇನು ಅಂಥದ್ದು ಅಂತ ನನಗೆ ಸ್ವಲ್ಪ ಅರ್ಥವಾದದ್ದು ಅಂಗಡಿಯಲ್ಲಿ ಅಲ್ಲ, ನಮ್ಮ ಅಜ್ಜಿಯನ್ನು ನೆನೆದಾಗ.

ಸುತ್ತಿಗೆ ಗಂಡಸರ ವಸ್ತು ಅಂತ ಯಾರು ಹೇಳಿದರೋ. ನಮ್ಮ ಮನೆಯಲ್ಲಿ "ಇದು ನನ್ನದು, ಯಾರೂ ಮುಟ್ಟಬಾರದು" ಅಂತ ಇದ್ದ ಸುತ್ತಿಗೆ ಒಂದೇ, ಅದು ಅಜ್ಜಿಯದು, ಗೇರುಬೀಜ ಒಡೆಯುವುದು. ಅಂಗೈಯಲ್ಲಿ ಮುಚ್ಚಿ ಹೋಗುವಷ್ಟು ಚಿಕ್ಕ ತಲೆ. ಕಾವನ್ನು ಗೇಣುದ್ದಕ್ಕೆ ಕತ್ತರಿಸಿಕೊಂಡಿದ್ದರು. ಬೇಸಿಗೆಯಲ್ಲಿ ಹಿತ್ತಲಲ್ಲಿ ಬೀಜ ಸುಡುವುದು, ಸಿಪ್ಪೆಯ ಎಣ್ಣೆ ಭಗ್ಗನೆ ಹೊತ್ತಿಕೊಂಡು ಕರಿ ಹೊಗೆ ಏಳುವುದು, ಆರಿಸಿ ಬೂದಿಯಲ್ಲಿ ಹೊರಳಿಸುವುದು. ಆ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟು ಸಿಪ್ಪೆ ಏಳುತ್ತದೆ, ಅದಕ್ಕೇ ಬೂದಿ. ಆಮೇಲೆ ಅಜ್ಜಿ ಕಲ್ಲಿನ ಮುಂದೆ ಕೂರುತ್ತಿದ್ದರು. ಎಡಗೈಯ ಎರಡು ಬೆರಳಲ್ಲಿ ಬೀಜವನ್ನು ಬೆನ್ನು ಮೇಲೆ ಮಾಡಿ ನಿಲ್ಲಿಸುವುದು, ಬಲಗೈಯಲ್ಲಿ ಟಕ್ ಅಂತ ಒಂದೇ ಪೆಟ್ಟು. ಸ್ವಲ್ಪ ಜಾಸ್ತಿಯಾದರೆ ಬೀಜ ನುಚ್ಚು. ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಇಡೀ ಬೀಜಕ್ಕೆ ಒಂದು ರೇಟು, ತುಂಡಿಗೆ ಇನ್ನೊಂದು. ಅವರು ಸುತ್ತಿಗೆಯನ್ನು ನೋಡುತ್ತಿರಲಿಲ್ಲ, ಬೀಜವನ್ನೂ ಸರಿಯಾಗಿ ನೋಡುತ್ತಿರಲಿಲ್ಲ. ಪಕ್ಕದ ಮನೆಯವರ ಸುದ್ದಿ ಮಾತಾಡುತ್ತಾ ಟಕ್, ಟಕ್. ಒಂದು ಕಡೆ ಬಿಳಿ ಬೀಜದ ರಾಶಿ, ಇನ್ನೊಂದು ಕಡೆ ಕರಿ ಸಿಪ್ಪೆ.

ನಾನು ಗೋಡೆಗೆ ಕ್ಯಾಲೆಂಡರ್ ಮೊಳೆ ಹೊಡೆಯಲು ಅದನ್ನು ಎತ್ತಿಕೊಂಡರೆ ಒಳಗಿನಿಂದಲೇ ಕೂಗು ಬರುತ್ತಿತ್ತು. "ಅದನ್ನ ಮುಟ್ಬೇಡ ತಮಾ, ಅದರ ತೂಕ ತಪ್ತದೆ!"

ಮೊಳೆ ಹೊಡೆದರೆ ಕಬ್ಬಿಣದ ತೂಕ ತಪ್ಪುತ್ತದೆಯೇ? ನಾವು ಮೊಮ್ಮಕ್ಕಳೆಲ್ಲ ನಗುತ್ತಿದ್ದೆವು. ಆದರೆ ಯೋಚಿಸಿದರೆ ಮಾತು ಅಷ್ಟು ಪೊಳ್ಳಲ್ಲ. ಶಾಲೆಯಲ್ಲಿ ಓದಿದ ಲೆಕ್ಕವೇ ಇದು. ಸುತ್ತಿಗೆಯ ತೂಕ ದುಪ್ಪಟ್ಟು ಮಾಡಿದರೆ ಪೆಟ್ಟಿನ ಶಕ್ತಿ ದುಪ್ಪಟ್ಟು, ಬೀಸುವ ವೇಗ ದುಪ್ಪಟ್ಟು ಮಾಡಿದರೆ ಶಕ್ತಿ ನಾಲ್ಕು ಪಟ್ಟು. ಅಂದರೆ ಕೈ ಒಂದು ಚೂರು ಜೋರಾದರೂ ಪೆಟ್ಟು ಚೂರಲ್ಲ, ಬಹಳ ಜೋರಾಗುತ್ತದೆ. ಕಾವು ಒಂದಿಂಚು ಉದ್ದವಾದರೂ ತಲೆಯ ವೇಗ ಬದಲು. ಈ ಲೆಕ್ಕವನ್ನು ಅಜ್ಜಿಯ ಕೈ ಆ ಒಂದು ಸುತ್ತಿಗೆಗೆ ಮಾತ್ರ ಮಾಡಿ ಇಟ್ಟುಕೊಂಡಿತ್ತು. ಬೇರೆ ಸುತ್ತಿಗೆ ಕೊಟ್ಟಿದ್ದರೆ ಮತ್ತೆ ಒಂದು ಬುಟ್ಟಿ ಬೀಜ ನುಚ್ಚು ಮಾಡಿ ಕಲಿಯಬೇಕಾಗಿತ್ತು. "ಕೈಗೆ ಕೂರೂದಿಲ್ಲ" ಅನ್ನುವ ನನ್ನ ಗಿರಾಕಿಗಳು ಹೇಳುವುದೂ ಇದನ್ನೇ. ಹೊಸ ಸುತ್ತಿಗೆ ಹಿಡಿದರೆ ಸುತ್ತಿಗೆಯನ್ನು ನೋಡಬೇಕಾಗುತ್ತದೆ. ಹಳೆಯದಾದರೆ ಮೊಳೆಯನ್ನು ನೋಡಿದರೆ ಸಾಕು.

ಹಾಗಾಗಿ ಹಳೇ ಸುತ್ತಿಗೆಯ ಮೇಲಿನ ಪ್ರೀತಿಯನ್ನು ಬರೀ ಭಾವನೆ ಅಂತ ನಾನು ಒಪ್ಪುವುದಿಲ್ಲ. ಹಳೇ ಫೋಟೋ ಇಟ್ಟುಕೊಳ್ಳುವುದು ಬೇರೆ, ಇದು ಬೇರೆ. ಜೊತೆಗೆ ಸುತ್ತಿಗೆಗೆ ಇನ್ನೊಂದು ಅನುಕೂಲ ಇದೆ, ಅದು ಸವೆಯುವುದಿಲ್ಲ. ಕತ್ತಿ ಮಸೆದು ಮಸೆದು ಸಪೂರವಾಗುತ್ತದೆ, ಗರಗಸದ ಹಲ್ಲು ಹೋಗುತ್ತದೆ, ಉಳಿ ಗಿಡ್ಡವಾಗುತ್ತದೆ. ಅವನ್ನೆಲ್ಲ ಎಷ್ಟು ಹಚ್ಚಿಕೊಂಡರೂ ಒಂದು ದಿನ ಗುಜರಿಗೆ ಹಾಕಲೇಬೇಕು. ಸುತ್ತಿಗೆಯ ತಲೆ ಮನುಷ್ಯನಿಗಿಂತ ಜಾಸ್ತಿ ಬಾಳುತ್ತದೆ. ಸವೆಯುವುದೆಲ್ಲ ಕಾವು.

ಮರದ ಕೊಡತಿಯ ಪಾಡು ಬೇರೆ. ಸಿರ್ಸಿಯಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರರೊಬ್ಬರ ಹತ್ತಿರ ಒಮ್ಮೆ ಕೂತಿದ್ದೆ. ಉಳಿಗೆ ಕಬ್ಬಿಣದಿಂದ ಹೊಡೆದರೆ ಹಿಡಿ ಒಡೆಯುತ್ತದೆ, ಪೆಟ್ಟೂ ಹರಿತವಾಗಿ ಬೀಳುತ್ತದೆ. ಅದಕ್ಕೆ ಕೊಡತಿ. ಅವರ ಕೊಡತಿಯ ಒಂದು ಕೆನ್ನೆಯಲ್ಲಿ ಹೆಬ್ಬೆರಳು ಕೂರುವಷ್ಟು ಗುಳಿ ಬಿದ್ದಿತ್ತು. ಇಷ್ಟು ವರ್ಷ ಉಳಿಯ ಹಿಡಿ ತಾಗಿದ್ದು ಆ ಒಂದೇ ಜಾಗಕ್ಕೆ, ಅತ್ತಿತ್ತ ಎಲ್ಲೂ ಕಲೆಯಿಲ್ಲ. ಹೊಸದು ಮಾಡಿಟ್ಟಿದ್ದೀರಾ ಅಂತ ಕೇಳಿದೆ. ಮಾಡಿ ಬಹಳ ಕಾಲ ಆಯಿತಂತೆ, ಮೂಲೆಯಲ್ಲಿ ಇತ್ತು ಅದೂ. "ಇದು ಪೂರಾ ಸಾಯಲಿ ಅಂತ ಕಾಯ್ತಾ ಇದ್ದೆ" ಅಂದರು.

ಕುಲುಮೆಯಲ್ಲಿ ಸುತ್ತಿಗೆಗೆ ಮಾತೇ ಬರುತ್ತದೆ. ತಿದಿ ಊದುವ ಕಾಲ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ, ಆದರೆ ದೊಡ್ಡ ಕೆಲಸಕ್ಕೆ ಈಗಲೂ ಇಬ್ಬರು ಬೇಕು. ಆಚಾರ್ರ ಕೈಯಲ್ಲಿ ಚಿಕ್ಕ ಸುತ್ತಿಗೆ, ಎದುರು ನಿಂತವನ ಕೈಯಲ್ಲಿ ಸಮ್ಮಟಿ. ಆಚಾರ್ರು ಕಾದ ಕಬ್ಬಿಣದ ಮೇಲೆ ಎಲ್ಲಿ ಟಿಕ್ ಅಂತ ಮುಟ್ಟಿಸುತ್ತಾರೋ ಅಲ್ಲೇ ಸಮ್ಮಟಿ ಬೀಳಬೇಕು. ಅವರು ಮೆಲ್ಲ ಮುಟ್ಟಿಸಿದರೆ ಮೆಲ್ಲ, ಜೋರಾದರೆ ಜೋರು. ಸಾಕು ಅನಿಸಿದರೆ ಅಡಿಗಲ್ಲಿನ ಮೇಲೆ ಬರೀ ಸುತ್ತಿಗೆ ಬಡಿದು ಸದ್ದು ಮಾಡುತ್ತಾರೆ. ಬಾಯಿ ಬಿಡುವುದೇ ಇಲ್ಲ. ನನಗೆ ಗೊತ್ತಿರುವ ಆಚಾರ್ರೊಬ್ಬರು ಸಮ್ಮಟಿಯನ್ನು ಯಾರಿಗೆ ಬೇಕಾದರೂ ಕೊಡುತ್ತಾರೆ, ಆ ಚಿಕ್ಕ ಸುತ್ತಿಗೆಯನ್ನು ಸ್ವಂತ ಮಗನಿಗೂ ಕೊಡುವುದಿಲ್ಲ. ಮಗನಿಗೆ ಬೇರೆ ಮಾಡಿಕೊಟ್ಟಿದ್ದಾರೆ. ಜಗಳ ಏನಿಲ್ಲ, ಸುಮ್ನೆ ಕೊಡುವುದಿಲ್ಲ.

ಮನುಷ್ಯ ಹಿಡಿದ ಮೊದಲ ಸಾಮಾನುಗಳಲ್ಲಿ ಸುತ್ತಿಗೆ ಒಂದು. ಮನುಷ್ಯ ಅನ್ನುವುದೂ ತಪ್ಪೇ, ಇನ್ನೂ ಮನುಷ್ಯ ಆಗದವರು ಹಿಡಿದದ್ದು. ಕೀನ್ಯಾದ ತುರ್ಕಾನಾ ಸರೋವರದ ಹತ್ತಿರ ಲೊಮೆಕ್ವಿಯಲ್ಲಿ ಸಿಕ್ಕ ಕಲ್ಲಿನ ಸಾಮಾನು 33 ಲಕ್ಷ ವರ್ಷ ಹಳೆಯದು ಅಂತ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಡಿಯುವ ಕಲ್ಲೂ ಇತ್ತು, ಬಡಿಯುವಾಗ ಕೆಳಗೆ ಇಡುವ ಕಲ್ಲೂ ಇತ್ತು. ಕಾವು ಬಂದದ್ದು ಬಹಳ ಬಹಳ ತಡವಾಗಿ. ಬಂದ ಮೇಲೂ ಕಾವಿಗೂ ತಲೆಗೂ ಹೊಂದಾಣಿಕೆ ಮಾಡುವುದರಲ್ಲೇ ಎಲ್ಲರ ಆಯುಷ್ಯ ಕಳೆದಿದೆ. 1840ರ ದಶಕದಲ್ಲಿ ಅಮೆರಿಕದ ನಾರ್ವಿಚ್ ಅನ್ನುವ ಊರಿನ ಕಮ್ಮಾರ ಡೇವಿಡ್ ಮೇಡೋಲ್ ಹೆಸರು ಮಾಡಿದ್ದೇ ಇದರಿಂದ. ಬಡಗಿಗಳ ಸುತ್ತಿಗೆಯ ತಲೆ ಹಾರಿ ಹೋಗುತ್ತಿತ್ತು. ಆತ ತೂತನ್ನು ಉದ್ದ ಮಾಡಿ, ಕಾವನ್ನು ಕಬ್ಬಿಣ ಇನ್ನೂ ಒಂದಿಷ್ಟು ದೂರ ತಬ್ಬಿ ಹಿಡಿಯುವ ಹಾಗೆ ಮಾಡಿದ. ಈಗ ನಾನು ಮಾರುವ ಮೊಳೆ ಕೀಳುವ ಸುತ್ತಿಗೆಗಳಲ್ಲೂ ಕತ್ತಿನ ಕೆಳಗೆ ಆ ಉದ್ದ ಇದೆ, ತಿರುಗಿಸಿ ನೋಡಿ. 1923ರಲ್ಲಿ ಶುರುವಾದ ಎಸ್ಟ್‌ವಿಂಗ್ ಕಂಪನಿಯವರು ಇನ್ನೊಂದು ದಾರಿ ಹಿಡಿದರು. ತಲೆ, ಕಾವು ಎಲ್ಲ ಒಂದೇ ಉಕ್ಕಿನ ತುಂಡು. ಕಳಚುವ ಮಾತೇ ಇಲ್ಲ. ಈಗ ಫೈಬರ್ ಕಾವೂ ಬಂದಿದೆ, ಮಳೆಗೆ ಉಬ್ಬುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಗೌಂಡಿ ಕೆಲಸದ ಹುಡುಗರು ಅದನ್ನೇ ಒಯ್ಯುತ್ತಾರೆ, ಒಳ್ಳೆಯ ಸಾಮಾನೇ. ಆದರೆ ಅದು ಹತ್ತು ವರ್ಷ ಹಿಡಿದರೂ ಅಂಗಡಿಯಿಂದ ಒಯ್ದ ಹಾಗೇ ಇರುತ್ತದೆ. ಮರದ ಕಾವು ಹೆಬ್ಬೆರಳು ಒತ್ತುವಲ್ಲಿ ತಗ್ಗುತ್ತದೆ, ಬೆವರು ಕುಡಿದು ಕಪ್ಪಾಗುತ್ತದೆ. ಯಾರೂ ತಿದ್ದದೆ ತಾನೇ ಆ ಕೈಯ ಅಳತೆಗೆ ಬಂದುಬಿಡುತ್ತದೆ.

ಬಡಗಿಗಳು ಕಾವಿಗೆ ಕಾದ ಮೊಳೆಯಿಂದ ಹೆಸರಿನ ಅಕ್ಷರ ಸುಟ್ಟಿರುತ್ತಾರೆ. ಕಳ್ಳತನದ ಭಯ ಇರಬಹುದು. ಆದರೆ ಕದ್ದವನಿಗೆ ಕಾವು ಬದಲಿಸುವುದು ಎಷ್ಟು ಹೊತ್ತಿನ ಕೆಲಸ? ತಲೆಗೆ ಗುರುತು ಹಾಕುವುದನ್ನು ನಾನು ಕಂಡದ್ದು ಕಡಿಮೆ.

ಇನ್ನು ಅಪ್ಪನ ಸುತ್ತಿಗೆ, ಅಜ್ಜನ ಸುತ್ತಿಗೆ ಅನ್ನುವ ಮಾತು. ಆಯುಧ ಪೂಜೆಯ ದಿನ ನಮ್ಮಲ್ಲಿ ಹಾರೆ, ಪಿಕಾಸಿ, ಗುದ್ದಲಿ, ಕತ್ತಿಯ ಸಾಲಿನಲ್ಲಿ ಅಜ್ಜಿಯ ಗೇರುಬೀಜದ ಸುತ್ತಿಗೆಯೂ ಕುಂಕುಮ ಹಚ್ಚಿಸಿಕೊಂಡು ಕೂರುತ್ತದೆ. ಅವರು ಹೋದ ಮೇಲೆ ಆಯಿ, ಅಂದರೆ ನಮ್ಮ ಅಮ್ಮ, ಅದರಲ್ಲಿ ಬೀಜ ಒಡೆಯಲು ನೋಡಿದ್ದರು. ಆಗಲಿಲ್ಲ. ಕಾವು ಆಯಿಗೆ ಗಿಡ್ಡ. ಈಗ ಆಯಿ ಬೇರೆ ಸುತ್ತಿಗೆಯಲ್ಲಿ ಒಡೆಯುತ್ತಾರೆ, ಅದನ್ನು ಮುಟ್ಟಿದರೆ ನನಗೆ ಬೈಯುತ್ತಾರೆ. ಮನೆ, ತೋಟ, ಸಾಲ ಎಲ್ಲ ಪಾಲಿಗೆ ಬರುತ್ತದೆ. ಕೈಯ ಅಳತೆ ಬರುವುದಿಲ್ಲ. ಬಂದ ಸುತ್ತಿಗೆಯನ್ನು ಹೊಸ ಕೈ ಮತ್ತೆ ಮೊದಲಿನಿಂದ ಪಳಗಿಸಬೇಕು. ಅಷ್ಟು ಮಾಡುವ ತಾಳ್ಮೆ ಇದ್ದರೆ ಅದು ನಿಮ್ಮದು, ಇಲ್ಲದಿದ್ದರೆ ಅಜ್ಜನದೇ. ಇತ್ತೀಚೆಗೆ ಸಿರ್ಸಿ ಕಡೆಯ ಹೋಂಸ್ಟೇಗಳಲ್ಲಿ ಹಳೇ ಸುತ್ತಿಗೆ, ಕತ್ತಿಗಳಿಗೆ ವಾರ್ನಿಶ್ ಹೊಡೆದು ಗೋಡೆಗೆ ತೂಗುಹಾಕುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಬಂದವರು ಫೋಟೋ ತೆಗೆಯುತ್ತಾರೆ, ಎತ್ತಿ ನೋಡುವವರಿಲ್ಲ. ಎತ್ತಿದರೆ ತಾನೇ ಗೊತ್ತಾಗುವುದು, ಅದು ಯಾವ ಕೆಲಸದವನ ಸುತ್ತಿಗೆ ಅಂತ.

ಹೀಗೆ ತೂಕ ತಲೆಯಲ್ಲಿದೆ, ಜನ ಹಚ್ಚಿಕೊಂಡಿರುವುದೂ ತಲೆಯನ್ನೇ, ಕಾವು ಬರೀ ಬಂದು ಹೋಗುವ ನೆಂಟ ಅಂತ ನಾನು ತೀರ್ಮಾನ ಮಾಡಿಕೊಂಡಿದ್ದೆ. ಕೀಮ್ಯಾನ್ ಒಬ್ಬರು ಬಂದು ಅದನ್ನೂ ಕಲಕಿದರು.

ಕೊಂಕಣ ರೈಲ್ವೆ ಪೂರ್ತಿ ಶುರುವಾದದ್ದು 1998ರ ಜನವರಿ 26ಕ್ಕೆ. ಇವರು ಆ ಕಾಲದಿಂದ ಹಳಿಯ ಮೇಲೆ ಇದ್ದಾರೆ. ಕೀಮ್ಯಾನ್ ಅಂದರೆ ದಿನಾ ತನ್ನ ಪಾಲಿನ ಹಳಿಯ ಉದ್ದಕ್ಕೂ ನಡೆದು, ಹಳಿಯನ್ನು ಹಿಡಿದಿಟ್ಟ ಕ್ಲಿಪ್ಪು, ಬೋಲ್ಟು ನೋಡುತ್ತಾ, ಸಡಿಲವಾದದ್ದನ್ನು ಬಡಿದು ಕೂರಿಸುತ್ತಾ ಹೋಗುವವರು. ಹೆಗಲ ಮೇಲೆ ಉದ್ದ ಕಾವಿನ ಸುತ್ತಿಗೆ. ಸುತ್ತಿಗೆ ರೈಲ್ವೆಯದು. ಆದರೆ ಕಾವು ಇವರೇ ನನ್ನ ಅಂಗಡಿಯಿಂದ ಒಯ್ದದ್ದು, ದಡಸಲಿನದು, ಕಟ್ಟು ಪೂರಾ ಹರಡಿಸಿ ಆರಿಸಿದ್ದು. ಹೆಗಲಿಗೆ ತಾಗುವ ಜಾಗದಲ್ಲಿ ಅದು ಈಗ ಚಪ್ಪಟೆಯಾಗಿ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಹೋದ ವಾರ ಬಂದು ಇನ್ನೊಂದು ಕಾವು ಕೇಳಿದರು.

"ಹಳೇದು ಮುರೀತಾ?"

"ಇಲ್ಲ ಇಲ್ಲ. ರಿಟೈರ್ ಆಗ್ತಾ ಇದ್ದೆ. ಸಾಮಾನೆಲ್ಲ ವಾಪಸ್ ಕೊಡ್ಬೇಕು. ಅವರಿಗೆ ಲೆಕ್ಕಕ್ಕೆ ಒಂದು ಸುತ್ತಿಗೆ ಇದ್ರೆ ಆಯ್ತಲ್ಲ. ಯಾವ್ದಾದ್ರೂ ಒಂದು ಕಾವು ಕೊಡಿ."

ಈ ಸಲ ಅವರು ಗೆರೆ ನೋಡಲಿಲ್ಲ. ಕಟ್ಟಿನ ಮೇಲಿದ್ದ ಮೊದಲ ಕಾವನ್ನೇ ಎತ್ತಿಕೊಂಡು ದುಡ್ಡು ಕೊಟ್ಟರು. ಹಳೇ ಕಾವನ್ನು ಮನೆಗೆ ಒಯ್ದು ಏನು ಮಾಡುತ್ತೀರಿ ಅಂತ ಕೇಳಿದೆ. ಅದಕ್ಕೆ ಸರಿಹೊಂದುವ ಒಂದು ತಲೆ ನೋಡಿಡಿ ಅಂದರು, ಅವಸರ ಏನಿಲ್ಲವಂತೆ.